ಓಣಿಗೆ ಹಾಕಿದ ಹೊಗೆ

ಸಂಜೆ ದೇವರ ಮುಂದೆ ಲೋಬಾನದ ಹೊಗೆ ಎದ್ದಿತೆಂದರೆ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಅಂಗಳಕ್ಕೆ ಹೋಗಿ ಕೂಡುತ್ತೇನೆ. ನೀವು ನಗುತ್ತೀರಿ. "ಆಯಿ ದೇವರಿಗೆ ಹೆದರಿ ಓಡತಾಳ ನೋಡ್ರಿ" ಎಂದು ನಿಮ್ಮಲ್ಲಿ ಸಣ್ಣವಳು ಕೂಗುತ್ತಾಳೆ. ನಾನೂ ನಗುತ್ತೇನೆ. ನಿಮ್ಮನ್ನೆಲ್ಲ ಕೂಡ್ರಿಸಿಕೊಂಡು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ನಾಲ್ಕು ಮಂದಿಯ ಮುಂದೆ ನನಗೆ ಮಾತು ಬರುವುದಿಲ್ಲ, ಆ ನಾಲ್ಕು ಮಂದಿ ನನ್ನ ಮೊಮ್ಮಕ್ಕಳೇ ಆದರೂ. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದು ಇದಕ್ಕಾದರೂ ಬರಲಿ ಎಂದು ಬರೆಯಲು ಕುಳಿತಿದ್ದೇನೆ. ಇದು ನಿಮ್ಮ ಅವ್ವ ಹುಟ್ಟಿದ ಕಾಲದ ಮಾತು. ಆಗ ಇನ್ನೂ ಬಾಗಲಕೋಟೆ ಬೇರೆ ಜಿಲ್ಲೆಯಾಗಿರಲಿಲ್ಲ, ಬಿಜಾಪುರಕ್ಕೇ ಸೇರಿತ್ತು.

ನನಗೆ ಚಿಕ್ಕಂದಿನಿಂದಲೂ ದಮ್ಮು. ನೀವು ಅದಕ್ಕೆ ಅಸ್ತಮಾ ಅನ್ನುತ್ತೀರಿ. ಇಲ್ಲದವರಿಗೆ ಅದು ಹೇಗಿರುತ್ತದೆಂದು ತಿಳಿಸುವುದು ಕಷ್ಟ. ಉಸಿರು ಒಳಗೆ ಬರುವುದಿಲ್ಲ ಎಂದು ಎಲ್ಲರೂ ತಿಳಿದಿರುತ್ತಾರೆ. ನಿಜ ಹೇಳಬೇಕೆಂದರೆ ಒಳಗೆ ಹೋದ ಉಸಿರು ಹೊರಗೆ ಬರುವುದಿಲ್ಲ. ತುಂಬಿದ ಕೊಡಕ್ಕೆ ಮತ್ತೆ ಮತ್ತೆ ನೀರು ಸುರಿದ ಹಾಗೆ ಎದೆ ತುಂಬಿಕೊಂಡೇ ಇರುತ್ತದೆ. ಹೆಗಲು ಮೇಲೇಳುತ್ತವೆ, ಕುತ್ತಿಗೆಯ ನರ ಬಿಗಿಯುತ್ತವೆ, ಗಂಟಲಲ್ಲಿ ಸಣ್ಣಗೆ ಸಿಳ್ಳೆ ಹೊಡೆದಂತೆ ಸದ್ದಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಾತಿಗೆ ಉಸಿರು ಬೇಕು. "ನೀರು ಕೊಡು" ಎನ್ನಲೂ ಬೇಕು, "ಬೇಡ" ಎನ್ನಲೂ ಬೇಕು. ಮೊದಲೇ ಮಾತು ಕಡಿಮೆ ಇದ್ದವಳು ನಾನು. ದಮ್ಮು ಬಂದಾಗ ಇದ್ದಷ್ಟೂ ಹೋಗುತ್ತಿತ್ತು.

ನನ್ನ ತವರು ಗುಳೇದಗುಡ್ಡದ ಮಗ್ಗುಲಿನ ಹಳ್ಳಿ. ಅಪ್ಪ ಮನೆಯಲ್ಲೇ ಕುಬಸದ ಬಟ್ಟೆ, ಖಣ, ನೇಯುತ್ತಿದ್ದ. ನನ್ನನ್ನು ಕೊಟ್ಟದ್ದು ಇಳಕಲ್ಲಿನಲ್ಲಿ ಸೀರೆ ನೇಯುವ ಮನೆಗೆ. ಹೆಣ್ಣು ನೋಡಲು ಬಂದಾಗ "ಹುಡುಗೀದು ಸ್ವಲ್ಪ ನೆಗಡಿ ಮೈ" ಎಂದಷ್ಟೇ ಅಪ್ಪ ಹೇಳಿದ್ದ. ಮದುವೆಯಾದ ಮೊದಲ ಮಳೆಗಾಲದಲ್ಲೇ ಆ ನೆಗಡಿ ಎಂಥದ್ದೆಂದು ಎಲ್ಲರಿಗೂ ಗೊತ್ತಾಯಿತು. ಅತ್ತೆ ಬೈಯಲಿಲ್ಲ. "ಮಗ್ಗದ ಮನ್ಯಾಗ ಕೆಮ್ಮ ಇಲ್ಲದಾಕಿ ಎಲ್ಲಿ ಸಿಗಬೇಕು" ಎಂದು ಬಸ್ಸು ಹತ್ತಿಸಿ ಹುನಗುಂದದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಸಣ್ಣ ಬಿಳಿ ಗುಳಿಗೆ ಕೊಟ್ಟರು. ನುಂಗಿದರೆ ಎದೆ ಹಗುರಾಗುತ್ತಿತ್ತು, ಆದರೆ ಗುಂಡಿಗೆ ಡಬಡಬ ಬಡಿದು ಕೈಬೆರಳು ನಡುಗುತ್ತಿದ್ದವು. ನನ್ನ ಕೆಲಸ ರಾಟೆ ತಿರುಗಿಸಿ ಮಗ್ಗಕ್ಕೆ ಬೇಕಾದ ಕಂಡಿಕೆಗೆ ನೂಲು ಸುತ್ತುವುದು. ಗುಳಿಗೆ ನುಂಗಿದ ದಿನ ನೂಲು ಗಂಟುಗಂಟಾಗುತ್ತಿತ್ತು. "ಇವತ್ತ ಬಿಡವಾ, ನಿನ್ನ ಕೈಯಾಗ ಕೊಟ್ರ ರಾಟಿ ಕುಣೀತೈತಿ" ಎಂದು ಅತ್ತೆ ನಗೆಯಾಡುತ್ತಿದ್ದರು. ಆ ಗುಳಿಗೆಯ ಮೇಲೆ ಎರಡು ವರ್ಷ ಸುಖವಾಗಿಯೇ ಇದ್ದೆ.

ಬಸುರಾದೆ ಎಂದು ಖಾತ್ರಿಯಾದ ದಿನ ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಆ ಗುಳಿಗೆಯ ಪೊಟ್ಟಣವನ್ನು ನನ್ನ ತಲೆದಿಂಬಿನ ಕೆಳಗಿನಿಂದ ತೆಗೆದು ದೇವರ ಗೂಡಿನಲ್ಲಿ ಇಟ್ಟದ್ದು.

"ಕೂಸ ಹೊಟ್ಟ್ಯಾಗ ಇರೂತನಾ ಇದನ್ನ ಮುಟ್ಟಬ್ಯಾಡ" ಎಂದರು. "ಒಂದ ನುಂಗಿದ್ರ ನಿನ್ನ ಕೈ ಹೆಂಗ ನಡಗತಾವು ನೋಡೀದಿ. ನಿನ್ನವಾದ್ರ ದೊಡ್ಡ ಕೈ. ಅದರವು ಎಷ್ಟ ಇರತಾವ?"

ಹಾಗೆನ್ನುತ್ತ ಹೆಬ್ಬೆರಳು ತೋರುಬೆರಳಿನ ನಡುವೆ ಜೋಳದ ಕಾಳಿನಷ್ಟು ಜಾಗ ಬಿಟ್ಟು ತೋರಿಸಿದರು. ಆ ಬೆರಳುಗಳ ನಡುವಿನ ಜಾಗವನ್ನು ನೋಡಿದ ಮೇಲೆ ಯಾರು ತಾನೇ ಗುಳಿಗೆ ನುಂಗಿಯಾರು? ಅತ್ತೆ ಒತ್ತಾಯ ಮಾಡಿದರೆಂದು ನೀವು ತಿಳಿಯಬಾರದು. ನಾನೂ ನಂಬಿದೆ. ಹುನಗುಂದಕ್ಕೆ ಹೋಗಿ ಡಾಕ್ಟರನ್ನೊಮ್ಮೆ ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ. ಬಸುರಿಯನ್ನು ಬಸ್ಸಿನಲ್ಲಿ ಕುಲುಕಿಸಬಾರದು ಎನ್ನುವುದು ಒಂದು. ಗಂಡಸು ಡಾಕ್ಟರ ಮುಂದೆ ಹೊಟ್ಟೆಯ ಮಾತು ಎತ್ತುವುದು ಹೇಗೆ ಎನ್ನುವುದು ಇನ್ನೊಂದು.

ನಾಲ್ಕನೆಯ ತಿಂಗಳಿಗೆ ದಮ್ಮು ಮರಳಿ ಬಂತು. ಶುಂಠಿ ಕಷಾಯ ಕುಡಿಸಿದರು, ಎದೆಗೆ ಎಣ್ಣೆ ತಿಕ್ಕಿದರು. ನನಗೆ ಮಲಗಲು ಆಗುತ್ತಿರಲಿಲ್ಲ. ನೂಲಿನ ಗಂಟನ್ನು ಮುಂದಿಟ್ಟುಕೊಂಡು ಅದರ ಮೇಲೆ ಹಣೆ ಊರಿ ಕೂಡುತ್ತಿದ್ದೆ. ನಿಮ್ಮ ಮುತ್ಯಾ ಅದೇ ಪಡಸಾಲೆಯಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಹಿರಿಯರ ಎದುರು ಹೆಂಡತಿಯ ಕಡೆ ತಿರುಗಿ ನೋಡುವ ಹಾಗಿರಲಿಲ್ಲ. ಅದಕ್ಕೇ ಅವರು ಮಗ್ಗ ನಿಲ್ಲಿಸುತ್ತಿದ್ದರು. ಲಾಳಿಯ ಸದ್ದು ನಿಂತರೆ ನನ್ನ ಉಸಿರಿನ ಸದ್ದು ಕೇಳುತ್ತಿತ್ತಲ್ಲ, ಅದನ್ನು ಕೇಳುತ್ತ ಕೂಡುತ್ತಿದ್ದರು.

"ಯಾಕೋ, ಮಗ್ಗ ಯಾಕ ನಿಂತತು?" ಎಂದು ಅತ್ತೆ ಅಡಿಗೆಮನೆಯಿಂದ ಕೇಳುತ್ತಿದ್ದರು.

"ಎಳಿ ಹರದೈತಿ ಯವ್ವಾ."

ಆ ವರ್ಷ ಅವರ ಮಗ್ಗದಲ್ಲಿ ಬಹಳ ಎಳೆ ಹರಿದವು.

ಒಂದು ಮಧ್ಯಾಹ್ನ ಅತ್ತೆ ನೀರಿಗೆ ಹೋದಾಗ ನಿಮ್ಮ ಮುತ್ಯಾ ದೇವರ ಗೂಡಿನಿಂದ ಒಂದು ಗುಳಿಗೆ ತಂದು ನನ್ನ ಅಂಗೈಯಲ್ಲಿ ಇಟ್ಟರು.

"ನುಂಗು. ಯಾರಿಗೂ ಹೇಳೂದಿಲ್ಲ."

"ಕೂಸಿಗೆ?" ಎಂದೆ. ಅಷ್ಟೇ ಉಸಿರಿತ್ತು.

"ಕೂಸಿಗೂ ಹೇಳೂದಿಲ್ಲ."

ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ಸಿಳ್ಳೆಯಾಯಿತು. ಅವರು ನನ್ನ ಬೆನ್ನ ಮೇಲೆ ಕೈ ಇಡಬೇಕೆಂದು ಎತ್ತಿದರು. ಬಾಗಿಲಲ್ಲಿ ಕೊಡದ ಸದ್ದಾಯಿತು. ಕೈ ಹಿಂದಕ್ಕೆ ತೆಗೆದುಕೊಂಡು ಮಗ್ಗಕ್ಕೆ ಇಳಿದರು. ಗುಳಿಗೆಯನ್ನು ನಾನು ನುಂಗಲಿಲ್ಲ. ಹೋಗಿ ಗೂಡಿನಲ್ಲಿಯೇ ಇಟ್ಟು ಬಂದೆ.

ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಖಣದ ಕುಬಸ ತಂದು ಉಡಿ ತುಂಬಿ ಹೆರಿಗೆಗೆ ಕರೆದುಕೊಂಡು ಹೋಗುವ ಪದ್ಧತಿ. ಅಪ್ಪ ತಾನೇ ನೇಯ್ದ ಖಣ ಕಳಿಸಿದ್ದ. ನನ್ನ ಅವ್ವ ಅದನ್ನು ಮದುವೆಯ ಅಳತೆಯಲ್ಲಿ ಹೊಲಿಸಿ ತಂದಿದ್ದಳು. ನನಗೆ ಈಗ ಅದು ಎಲ್ಲಿ ಆದೀತು? ಹೊಸ ಕುಬಸ ಬಿಡುವಂತಿಲ್ಲವೆಂದು ಇಬ್ಬರು ಸೇರಿ ಎಳೆದು ಗಂಟು ಹಾಕಿದರು. ಓಣಿಯ ಹೆಂಗಸರೆಲ್ಲ ಬಂದು ಸುತ್ತ ಕುಳಿತರು. ಹಾಡು, ಮಲ್ಲಿಗೆ, ಎದುರಿಗೆ ಉರಿಯುವ ಊದಿನಕಡ್ಡಿಯ ಕಟ್ಟು. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳು ಎಂದು ಹಟ ಹಿಡಿದರು.

"ಹೆಸರ ಹೇಳಿದ್ರನ ಬಿಡತೀವಿ ನೋಡವಾ, ಇಲ್ಲಂದ್ರ ಸಂಜೀತನಾ ಹಿಂಗ ಕುಂದ್ರು!"

ನಾನು ಬಾಯಿ ತೆರೆದೆ. ಗಂಟಲಿನಿಂದ ಸಿಳ್ಳೆ ಹೊರಟಿತು. ಎಲ್ಲರೂ ಗೊಳ್ಳೆಂದು ನಕ್ಕರು.

"ಅಯ್ಯ, ಹೆಸರ ಕೇಳಿದ್ರ ಸೀಟಿ ಹೊಡೀತಾಳ! ಗಂಡನ್ನ ಹಿಂಗ ಕರೀತಾಳೇನು?"

"ನಾಚಿಕೀಲೆ ಹೆಂಗ ಬೆವತಾಳ ನೋಡ್ರಿ."

ಬೆವರು ಹಣೆಯಿಂದ ಇಳಿದು ಅರಿಸಿನವನ್ನು ತೊಳೆಯುತ್ತಿತ್ತು. ಕಣ್ಣ ಮುಂದೆ ಹಸಿರು ಬಳೆಗಳು, ನಗುವ ಬಾಯಿಗಳು, ಎಲ್ಲ ಒಂದರೊಳಗೊಂದು ಸೇರುತ್ತಿದ್ದವು. ಅವ್ವನಿಗೆ ಮಾತ್ರ ಗೊತ್ತಾಯಿತು. ಉಡಿ ಸರಿ ಮಾಡುವ ನೆಪದಲ್ಲಿ ನನ್ನ ಸೆರಗಿನೊಳಗೆ ಕೈ ಹಾಕಿ ಕುಬಸದ ಗಂಟನ್ನು ಬಿಚ್ಚಿದಳು. ಮುಖದಲ್ಲಿ ಒಂದಿಷ್ಟೂ ತೋರಿಸದೆ, "ನನ್ನ ಮಗಳು ಮೊದಲಿಂದ ನಾಚಬುರುಕಿ ಐತ್ರಿ, ಆಕಿ ಬದಲಿ ನಾ ಹೇಳತೀನಿ" ಎಂದು ಅಳಿಯನ ಹೆಸರಿಗೆ ತಾನೇ ಒಡಪು ಕಟ್ಟಿ ಹೇಳಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾಲ್ಕು ಮಂದಿಯ ಮುಂದೆ ನನ್ನ ಮಾನ ಕಾಯುವುದು ಅವ್ವನಿಗೆ ಬಹಳ ಚೆನ್ನಾಗಿ ಬರುತ್ತಿತ್ತು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ.

ತವರಿಗೆ ಬಂದ ಮೇಲೆ ಮೋಡ ಹಾಕಿತು. ಗುಡ್ಡದ ಕಡೆಯಿಂದ ತಂಪು ಗಾಳಿ ಬೀಸತೊಡಗಿತು. ದಿನ ತುಂಬಲು ಇನ್ನೂ ತಿಂಗಳಿದ್ದಾಗಲೇ, ಒಂದು ಮುಂಜಾನೆ ದಮ್ಮಿನ ಜೊತೆಗೆ ಹೆರಿಗೆ ಬ್ಯಾನೆಯೂ ಬಂತು. ಊರಿನಲ್ಲಿ ಹೆರಿಗೆ ಮಾಡಿಸುವ ಮುದುಕಿ ಬಂದು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. "ಕೂಸ ಹೊರಗ ತರೂದು ನನಗ ಬರತೈತಿ. ಈಕಿ ಉಸರ ಒಳಗ ತರೂದು ಬರೂದಿಲ್ಲವಾ. ಬಾಗಲಕೋಟಿಗೆ ಒಯ್ರಿ" ಎಂದಳು. ಅಪ್ಪ ಓಡಿಹೋಗಿ ರಸ್ತೆಯಲ್ಲಿ ಒಂದು ಲಾರಿ ನಿಲ್ಲಿಸಿದ. ನಾನು ಅವ್ವನ ಮತ್ತು ಡ್ರೈವರನ ನಡುವೆ ಕುಳಿತೆ. ಅಪ್ಪ ಹಿಂದೆ ಚೀಲಗಳ ಮೇಲೆ ಹತ್ತಿದ. ಡ್ರೈವರನ ಬಾಯಲ್ಲಿ ಬೀಡಿ ಇತ್ತು.

"ತಮ್ಮಾ, ಬೀಡಿ ಒಗೀಪಾ. ನನ್ನ ಮಗಳಿಗೆ ಹೊಗಿ ಅಂದ್ರ ವಿಷ" ಎಂದಳು ಅವ್ವ.

ಅವನು ಕೂಡಲೇ ಕಿಟಕಿಯಾಚೆ ಒಗೆದ. ದಾರಿಯುದ್ದಕ್ಕೂ ಮತ್ತೆ ಹಚ್ಚಲಿಲ್ಲ. ಅವ್ವ ಅಂದ ಈ ಮಾತನ್ನೂ ನೆನಪಿಡಿರಿ.

ಬಾಗಲಕೋಟೆಯಲ್ಲಿ ನಾವು ಹೋದ ದವಾಖಾನೆ ಇದ್ದ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಹೆಣ್ಣುಮಗಳೇ ಡಾಕ್ಟರ್, ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ನನ್ನ ಬೆನ್ನಿಗೆ ನಳಿಗೆ ಹಚ್ಚಿ ಕೇಳಿ, "ದಮ್ಮಿಗೆ ಏನರ ತಗೋತಿದ್ದೇನು?" ಎಂದರು. ನಾನು ಹೌದೆಂದು ತಲೆಯಾಡಿಸಿ, ಈಗಿಲ್ಲವೆಂದು ಕೈಯಾಡಿಸಿದೆ. "ಯಾಕ ಬಿಟ್ಟಿ?" ನಾನು ಅವ್ವನನ್ನು ನೋಡಿದೆ. "ಕೂಸಿಗೆ ತ್ರಾಸ ಆಗಬಾರದಂತ ಬಿಡಿಸ್ಯಾರ್ರಿ, ಬಾಯಾರ" ಎಂದಳು ಅವ್ವ.

"ತಾಯಿಗೆ ಉಸರಿಲ್ಲಂದ್ರ ಕೂಸಿಗೆ ಎಲ್ಲಿಂದ ಬರತೈತಿ? ಅದಕ್ಕೇನ ಬ್ಯಾರೆ ಮೂಗ ಐತೇನು ಹೊರಗ?"

ಅವ್ವ ತಲೆ ತಗ್ಗಿಸಿದಳು. ಅವಳು ಬಿಡಿಸಿದ್ದಲ್ಲ, ಆದರೂ ಬೈಗಳು ತಿಂದಳು. ನನಗೆ ಅದನ್ನು ಹೇಳಲು ಆಗಲಿಲ್ಲ.

ಬಾಯಾರು ತೋಳಿನ ನರಕ್ಕೆ ಒಂದು ಇಂಜೆಕ್ಷನ್ನನ್ನು ಗಡಿಯಾರ ನೋಡುತ್ತ ನಿಧಾನವಾಗಿ ಕೊಟ್ಟರು. ಕಬ್ಬಿಣದ ಸಿಲಿಂಡರಿನಿಂದ ರಬ್ಬರ್ ನಳಿಗೆ ತಂದು ಮೂಗಿಗೆ ಹಿಡಿದರು. ಆದರೆ ಹೆರಿಗೆ ಮೇಜಿನ ಮೇಲೆ ಅಂಗಾತ ಮಲಗಬೇಕಾಗಿತ್ತು. ಅಂಗಾತ ಮಲಗಿದೆನೆಂದರೆ ಎದೆಯ ಮೇಲೆ ಬೀಸುವ ಕಲ್ಲು ಇಟ್ಟಂತೆ. ನರ್ಸು ಮಲಗಿಸುತ್ತಾಳೆ, ನಾನು ಏಳುತ್ತೇನೆ. ಮತ್ತೆ ಮಲಗಿಸುತ್ತಾಳೆ. "ಹಿಂಗ ಎದ್ದ ಕುಂತ್ರ ಕೂಸ ಹೆಂಗ ಬರತೈತಿ? ಮಾತ ಕೇಳವಾ" ಎಂದು ಹೆಗಲು ಒತ್ತುತ್ತಾಳೆ. ಬಸಿರಿನ ಬ್ಯಾನೆ ಬಂದಾಗ ಬೇರೆಯವರು ಕೂಗುತ್ತಾರಲ್ಲ, ನನಗೆ ಕೂಗಲಿಕ್ಕೂ ಗತಿಯಿರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ "ಯವ್ವಾ ಸತ್ನ್ಯೋ" ಎಂದು ಕೂಗುತ್ತಿದ್ದಳು. ಆ ಕೂಗನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಉಸಿರು ಅವಳಿಗೆ!

ಕೊನೆಗೆ ಬಾಯಾರೇ, "ಬಿಡು ಆಕೀನ್ನ. ಕುಂತಽ ಹಡೀಲಿ" ಎಂದರು. ಅವ್ವ ನನ್ನ ಹಿಂದೆ ಮೇಜು ಹತ್ತಿ, ತನ್ನ ಎದೆಗೆ ನನ್ನ ಬೆನ್ನು ಆನಿಸಿಕೊಂಡು, ಎರಡೂ ತೋಳಿನಲ್ಲಿ ನನ್ನನ್ನು ಹಿಡಿದಳು. ಅವಳ ಉಸಿರು ನನ್ನ ಕಿವಿಯ ಹಿಂದೆ ಆಡುತ್ತಿತ್ತು. ಅದರ ತಾಳಕ್ಕೆ ನನ್ನದನ್ನು ಕೂಡಿಸಲು ನೋಡುತ್ತ ನೋಡುತ್ತ, ಸಂಜೆಯಾಗುವ ಮೊದಲು ನಿಮ್ಮ ಅವ್ವ ಹುಟ್ಟಿದಳು. ಪಾರಿವಾಳದಷ್ಟು ಇದ್ದಳು. ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಅತ್ತಳು. ನನಗಿಂತ ಹೆಚ್ಚು ಉಸಿರು ಅವಳಲ್ಲಿತ್ತು.

ಮನೆಗೆ ಕಳಿಸುವಾಗ ಬಾಯಾರು ಅವ್ವನನ್ನು ಕರೆದು ಕೂಡ್ರಿಸಿ ಹೇಳಿದರು: "ಗುಳಿಗಿ ಯಾರ ಹೇಳಿದ್ರೂ ಬಿಡಸಬ್ಯಾಡ್ರಿ. ಬಾಣಂತಿ ಕೋಣ್ಯಾಗ ಹೊಗಿ ಹಾಕಬ್ಯಾಡ್ರಿ. ತಾಯಿಗೂ ಬ್ಯಾಡ, ಕೂಸಿಗೂ ಬ್ಯಾಡ."

"ಹೂಂನ್ರಿ" ಎಂದಳು ಅವ್ವ. ಮನಸ್ಸಿನಿಂದಲೇ ಅಂದಳು.

ನಮ್ಮ ಕಡೆ ಬಾಣಂತಿಗೆ ದಿನಾ ಸುಡುಸುಡು ನೀರು ಎರೆದು, ಗಾಳಿಯಾಡದ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕಿ ಮೇಲೆ ಕೌದಿ ಮುಚ್ಚುತ್ತಿದ್ದರು. ಕೂಸನ್ನೂ ಆ ಹೊಗೆಯ ಮೇಲೆ ಹಿಡಿಯುತ್ತಿದ್ದರು. ಹೊಗೆ ಕುಡಿಯದ ಬಾಣಂತಿಯ ಎಲುಬಿನಲ್ಲಿ ಸೀತ ಸೇರುತ್ತದೆ, ಸಾಯುವವರೆಗೂ ಬೆನ್ನು ನೋಯುತ್ತದೆ, ಎದೆಹಾಲು ಬತ್ತುತ್ತದೆ ಎಂದು ನಂಬಿಕೆ. ಆ ವಾಸನೆ ಓಣಿಯ ತುದಿಯವರೆಗೂ ಹೋಗುತ್ತಿತ್ತು. ಮಗಳ ಬಾಣಂತನವನ್ನು ತಾಯಿ ಹೇಗೆ ಮಾಡುತ್ತಿದ್ದಾಳೆಂದು ಜನ ಮೂಗಿನಿಂದಲೇ ತಿಳಿಯುತ್ತಿದ್ದರು.

ಮೊದಲು ಕೆಲವು ದಿನ ಅವ್ವ ಹೊಗೆ ಹಾಕಲಿಲ್ಲ. ಎದುರುಮನೆಯಾಕೆ ಕಟ್ಟೆಯ ಮೇಲೆ ನಿಂತು ಕೂಗಿದಳು.

"ಏನವಾ, ಬಾಣಂತಿ ಐತಿ ಅಂತೀರಿ, ವಾಸನೀನ ಇಲ್ಲ? ಲೋಬಾನ ತುಟ್ಟಿ ಆಗೇತೇನು?"

"ಡಾಕ್ಟರಬಾಯಿ ಬ್ಯಾಡ ಅಂದಾರ."

"ಬಾಯಿ ಏನ ಬಂದು ಬೆನ್ನ ತಿಕ್ಕತಾಳೇನು ನಾಳೆ? ನಮ್ಮನ್ನ ಹೊಗಿ ಹಾಕದ ಬೆಳಸ್ಯಾರೇನ ನಮ್ಮವ್ವಂದಿರು?"

ಅದೇ ಹೊತ್ತಿಗೆ ನನಗೆ ಹಾಲು ಸಾಲದಾಯಿತು. ಪಾರಿವಾಳದಂಥ ಕೂಸು ಚೀಪಿ ಚೀಪಿ ಅಳುತ್ತಿತ್ತು. ಅವ್ವ ಹೆದರಿದಳು. ಒಂದು ಮುಂಜಾನೆ ನೀರು ಎರೆದ ಮೇಲೆ ತಾನೇ ಗುಳಿಗೆ ತಂದು ನನ್ನ ಬಾಯಿಗೆ ಹಾಕಿ ನೀರು ಕುಡಿಸಿದಳು. ಆಮೇಲೆ ಅಗ್ಗಿಷ್ಟಿಕೆ ತಂದಳು.

"ಒಂದ ಚಿಮಟಿಗಿ ಹಾಕತೀನಿ. ಗುಳಿಗಿ ನುಂಗೀದಿ, ಇನ್ನೇನ ಆಗೂದಿಲ್ಲ" ಎಂದಳು.

ಅವಳ ಲೆಕ್ಕದಲ್ಲಿ ಡಾಕ್ಟರ ಮಾತೂ ನಡೆಯಿತು, ಓಣಿಯ ಮಾತೂ ನಡೆಯಿತು. ಗುಳಿಗೆ ದಮ್ಮನ್ನು ನೋಡಿಕೊಳ್ಳುತ್ತದೆ, ಹೊಗೆ ಮಿಕ್ಕ ಮೈಯನ್ನು ನೋಡಿಕೊಳ್ಳುತ್ತದೆ. ಮೊದಲ ದಿನ ಹೇಗೋ ತಡೆದೆ. ಎರಡನೆಯ ದಿನ ಚಿಮಟಿಗೆ ಹಿಡಿಯಾಯಿತು. ಕೌದಿಯೊಳಗಿನಿಂದ ಹೊರಸಿನ ಪಟ್ಟಿಯನ್ನು ತಟ್ಟಿದೆ. "ಬಿಸಿ ಹತ್ತಿತೇನು? ತಡಕೋವಾ, ಬಿಸಿ ಹತ್ತಬೇಕು" ಎಂದಳು. ಎದೆ ಬಿಗಿದವಳಿಗೆ "ಬೇಡ" ಎನ್ನಲು ಉಸಿರಿಲ್ಲ. ಉಸಿರು ಮರಳಿದ ಮೇಲೆ ಅನ್ನಲು ಧೈರ್ಯವಿಲ್ಲ. ನನ್ನ ಸಲುವಾಗಿ ಡಾಕ್ಟರರ ಮುಂದೆ ಬೈಸಿಕೊಂಡವಳು, ಎದೆಗೆ ಆನಿಸಿಕೊಂಡು ಹಡೆಯಿಸಿದವಳು. ಅವಳಿಗೆ ನಿನ್ನ ಬಾಣಂತನ ನನಗೆ ಬೇಡ ಎಂದು ಹೇಗೆ ಹೇಳಲಿ?

ನಿಮ್ಮ ಮುತ್ಯಾ ಕೂಸು ನೋಡಲೆಂದು ಇಳಕಲ್ಲಿನಿಂದ ಬಂದರು. ಬಾಣಂತಿ ಕೋಣೆಯ ಹೊಸ್ತಿಲು ಗಂಡಸರು ದಾಟುವಂತಿರಲಿಲ್ಲ. ಕೂಸನ್ನು ಹೊರಗೆ ಒಯ್ದು ತೋರಿಸಿದರು. ಬಾಗಿಲು ಅರೆ ಮುಚ್ಚಿತ್ತು. ಅದರ ಸಂದಿಯಿಂದ ಅವರ ಧೋತರದ ಅಂಚು ಕಾಣುತ್ತಿತ್ತು.

"ಅತ್ತಿ, ಆಕಿ ಉಸರ ಇಲ್ಲೀತನಾ ಕೇಳಸಾಕತ್ತೈತಲ್ರಿ" ಎಂದರು.

"ಹಸೀ ಬಾಣಂತಿ ಐತಿ, ಹಂಗಽ ಇರತೈತ್ರಿ. ನೀವು ಏಳ್ರಿ, ಕೈಕಾಲ ತೊಳಕೋರಿ, ಊಟಕ್ಕ ಎಡಿ ಮಾಡೇನಿ."

"ಹೊಗಿ ಬ್ಯಾಡ ಅಂದಿದ್ರಂತಲ್ರಿ."

"ಗಂಡಸರಿಗೆ ಇದರಾಗಿಂದ ಏನ ತಿಳೀತೈತ್ರಿ ಅಳಿಯಂದಿರ?" ಅವ್ವ ತಲೆಯ ಮೇಲೆ ಸೆರಗು ಹೊತ್ತು, ಬಹಳ ಮರ್ಯಾದೆಯಿಂದಲೇ ಅಂದಳು. ಆ ಮರ್ಯಾದೆಯ ಮುಂದೆ ಅಳಿಯ ಏನು ಹೇಳಿಯಾನು? ಅವರು ಉಂಡು, ಬಸ್ಸಿನ ಹೊತ್ತಾಗುವವರೆಗೆ ಹೊರಗಿನ ಕಟ್ಟೆಯ ಮೇಲೆ ಕುಳಿತರು. ಚಪ್ಪಲಿ ಮೆಟ್ಟುವ ಸದ್ದು ಕೇಳಿಸಿತು. ಮತ್ತೆ ಬಿಟ್ಟ ಸದ್ದು. ಮತ್ತೆ ಮೆಟ್ಟಿದ ಸದ್ದು. ಆಮೇಲೆ ಹೋದರು.

ಮರುದಿನ ಮುಂಜಾನೆ ಮಳೆಯ ಮೋಡ ಕವಿದಿತ್ತು. ಅವ್ವ ನೀರು ಎರೆದು, ಒದ್ದೆ ಕೂದಲು ಕಟ್ಟಿ, ಕೂಸನ್ನು ಹೊಗೆಯ ಮೇಲೆ ಆಡಿಸಿದಳು. ಕೂಸು ಸಣ್ಣಗೆ, ಬೆಕ್ಕಿನ ಮರಿ ಸೀನಿದಂತೆ ಕೆಮ್ಮಿತು. ಅದನ್ನು ಮೂಲೆಯ ಹಾಸಿಗೆಯಲ್ಲಿ ಹಾಕಿ ನನಗೆ ಕೌದಿ ಮುಚ್ಚಿದಳು. ಕೆಳಗಿನಿಂದ ಹೊಗೆ ಮೇಲೆದ್ದಿತು. ಎರಡು ಸಲ ಉಸಿರೆಳೆದೆ. ಮೂರನೆಯದು ಬರಲಿಲ್ಲ. ಸಿಳ್ಳೆಯೂ ಇಲ್ಲ. ಒಳಗೆ ಏನೂ ಸದ್ದಿಲ್ಲದೆ ಮುಚ್ಚಿಕೊಂಡಿತು. ಕೌದಿಯಾಚೆ ಕೈ ಚಾಚಿದಾಗ ಅವ್ವನ ಮುಂಗೈ ಸಿಕ್ಕಿತು. ಹಿಡಿದ ಬಿಗಿಗೆ ಅವಳ ಬಳೆಗಳು ನನ್ನ ಮುಷ್ಟಿಯಲ್ಲೇ ಒಡೆದವು.

ಕೌದಿ ಎಳೆದು ನನ್ನ ಮುಖ ನೋಡಿದ ಅವ್ವ ಗಾಬರಿಯಲ್ಲಿ ಮಾಡಿದ್ದೇನೆಂದರೆ, ಎರೆದುಳಿದ ನೀರನ್ನು ತಂದು ಕೆಂಡದ ಮೇಲೆ ಸುರಿದಳು. ಭುಸ್ಸೆಂದು ಬೂದಿ, ಉಗಿ, ಹೊಗೆ ಎಲ್ಲ ಒಂದೇ ಸಲಕ್ಕೆ ಎದ್ದು ಕೋಣೆಯೇ ಕಾಣದಾಯಿತು. "ಯವ್ವಾ, ಯವ್ವಾ" ಎನ್ನುತ್ತ ನನ್ನ ಕಂಕುಳಲ್ಲಿ ಕೈ ಹಾಕಿ ದರದರ ಎಳೆದುಕೊಂಡು ಹಿತ್ತಲಿಗೆ ತಂದಳು. ನಾನು ಬಾಗಿಲ ಕಡೆ ಕೈ ಮಾಡಿದೆ. ಕೂಸು ಒಳಗೇ ಇತ್ತು. ಅವಳು ಚೀರಿ ಒಳಗೆ ಓಡಿದಳು. ಅವಳು ಹೊರಗೆ ಬರುವಷ್ಟರೊಳಗಿನ ಹೊತ್ತು ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಎದ್ದು ಹೋಗಲು ಕಾಲಿಲ್ಲ, ಕೂಗಲು ಗಂಟಲಿಲ್ಲ. ಬೇವಿನ ಗಿಡದ ಬುಡದಲ್ಲಿ ಬಾಯಿ ತೆರೆದು ಕುಳಿತು ಬಾಗಿಲು ನೋಡುತ್ತಿದ್ದೆ, ಅಷ್ಟೇ. ಅವ್ವ ಸೆರಗಿನೊಳಗೆ ಕೂಸನ್ನು ಮುಚ್ಚಿಕೊಂಡು ಬಂದಳು. ಅಳುತ್ತಿತ್ತು. ಬದುಕಿತ್ತು.

ಬಾಣಂತಿ ತಲೆಗೂದಲು ಒದ್ದೆ ಇದ್ದಾಗ ಗಾಳಿಗೆ ಕೂಡುವುದು ಎಂಥ ತಪ್ಪೆಂದು ನಿಮಗೆ ತಿಳಿಯಲಿಕ್ಕಿಲ್ಲ. ನಾನು ಗುಡ್ಡದ ಗಾಳಿಗೆ ಮುಖವೊಡ್ಡಿ ಕುಳಿತಿದ್ದೆ. ಅವ್ವ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, ಹಗ್ಗದ ಮೇಲಿನ ಹಸಿ ಸೀರೆ ಎಳೆದು ನನ್ನ ಸುತ್ತ ಮರೆ ಹಿಡಿದು ನಿಂತಳು. ಗಾಳಿಗೆ ಅಡ್ಡವಾಗಿ ಅಲ್ಲ, ಅಕ್ಕಪಕ್ಕದ ಹಿತ್ತಲಿಗೆ ಅಡ್ಡವಾಗಿ. ಕೈ ಎತ್ತಿ ಹಿಡಿದೇ ಅಳುತ್ತಿದ್ದಳು. "ಉಸರ ತಗೋ, ನನ್ನವ್ವಾ. ಇನ್ನೊಂದ ತಗೋ. ಇನ್ನ ಒಂದಽ ಒಂದು" ಎಂದು, ಹಟ ಹಿಡಿದ ಮಗುವಿಗೆ ತುತ್ತು ಉಣಿಸುವವಳ ಹಾಗೆ ಬೇಡಿಕೊಳ್ಳುತ್ತಿದ್ದಳು. ಅಪ್ಪ ಸೈಕಲ್ಲಿನ ಮೇಲೆ ಗುಳೇದಗುಡ್ಡಕ್ಕೆ ಹೋಗಿ ಡಾಕ್ಟರನ್ನು ಕರೆತಂದು ಇಂಜೆಕ್ಷನ್ ಕೊಡಿಸುವವರೆಗೆ ಆ ಸೀರೆ ಇಳಿಯಲಿಲ್ಲ.

ಆ ದಿನವೇ ನನ್ನ ಹೊರಸನ್ನು ಹಿತ್ತಲ ಕಡೆಯ ಪಡಸಾಲೆಗೆ ಹಾಕಿದರು. ಮರುದಿನ ಮುಂಜಾನೆ ಮತ್ತೆ ಲೋಬಾನದ ವಾಸನೆ ಬಂತು. ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಆದರೆ ನನ್ನ ಹತ್ತಿರ ಹೊಗೆ ಇರಲಿಲ್ಲ. ಗೋಡೆ ಹಿಡಿದು ಎದ್ದು ನಡುಮನೆಯಿಂದ ಇಣುಕಿದೆ. ಅವ್ವ ಅಗ್ಗಿಷ್ಟಿಕೆಯನ್ನು ತಲೆಬಾಗಿಲ ಹೊಸ್ತಿಲಾಚೆ ಇಟ್ಟುಕೊಂಡು, ಮೊರದಿಂದ ಹೊಗೆಯನ್ನು ಓಣಿಯ ಕಡೆಗೆ ಬೀಸುತ್ತಿದ್ದಳು.

"ಈಗ ಬಾಣಂತಿ ಮನಿ ಅನಸ್ತು ನೋಡವಾ!" ಎಂದಳು ಎದುರುಮನೆಯಾಕೆ.

"ಹೂಂನವಾ" ಎಂದು ಕೆಮ್ಮುತ್ತ ಅವ್ವ ಇನ್ನೊಂದು ಹಿಡಿ ಹಾಕಿದಳು.

ಬಾಣಂತನ ಮುಗಿಯುವವರೆಗೂ ಅವಳು ದಿನಾ ಓಣಿಗೆ ಹೊಗೆ ಹಾಕಿದಳು. ಗಾಳಿ ತಿರುಗಿ ಹೊಗೆ ಒಳಗೆ ಬರತೊಡಗಿದರೆ ಅಗ್ಗಿ ತುಂಬಿದ ಪಾತ್ರೆ ಹಿಡಿದು ಕಟ್ಟೆಯ ಆ ಮಗ್ಗುಲಿಗೆ ಓಡುತ್ತಿದ್ದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಕೆಂಡದ ಮೇಲೆ ಕಾಯಿಸಿಕೊಂಡು, ಮುಚ್ಚಿದ ಮುಷ್ಟಿಯಲ್ಲಿ ಬಿಸಿಯನ್ನು ಹಿಡಿದುಕೊಂಡು ಒಳಗೆ ಬಂದು ನನ್ನ ಬೆನ್ನಿಗೆ ಒತ್ತುತ್ತಿದ್ದಳು. ಮತ್ತೆ ಹೊರಗೆ ಹೋಗಿ ಕಾಯಿಸಿಕೊಂಡು ಬರುವಳು. ಈ ಸಲ ಕೂಸಿನ ಹೊಟ್ಟೆಗೆ. "ಇಷ್ಟರ ಹತ್ತಲಿ" ಎನ್ನುತ್ತಿದ್ದಳು. ಅವಳ ಕೈಗೆ, ಸೀರೆಗೆ ಅಂಟಿದ ವಾಸನೆಗೇ ನನ್ನ ಎದೆ ಸಣ್ಣಗೆ ಬಿಗಿಯುತ್ತಿತ್ತು. ಅದನ್ನು ನಾನು ಯಾವತ್ತೂ ಅವಳಿಗೆ ಹೇಳಲಿಲ್ಲ.

ಇಳಕಲ್ಲಿಗೆ ಮರಳಿದಾಗ ಅತ್ತೆ ಗುಳಿಗೆಯ ಪೊಟ್ಟಣವನ್ನು ತಾವೇ ನನ್ನ ತಲೆದಿಂಬಿನ ಕೆಳಗೆ ಇಟ್ಟರು. ಒಂದೆರಡು ವರ್ಷದ ಮೇಲೆ ಓಣಿಯವರು "ಗಂಡು ಯಾವಾಗ?" ಎಂದು ಕೇಳತೊಡಗಿದಾಗ ನಿಮ್ಮ ಮುತ್ಯಾ ಮಗ್ಗದೊಳಗಿನಿಂದಲೇ "ನಮಗ ಒಂದ ಸಾಕು" ಎಂದರು. ತಾಯಿಯ ಎದುರು ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅದೊಂದೇ ಸಲ ಕೇಳಿದ್ದೇನೆ.

ಅವ್ವನಿಗೆ ಮಾತ್ರ ಸಮಾಧಾನ ಆಗಲೇ ಇಲ್ಲ. ನಾನು ತವರಿಗೆ ಹೋದಾಗ ಕೊಡ ಎತ್ತಲು ಬಗ್ಗಿದರೆ, ಕುಳಿತಲ್ಲಿಂದ ಏಳುವಾಗ ನೆಲಕ್ಕೆ ಕೈ ಊರಿದರೆ, ಅವಳು ನೋಡುತ್ತಿದ್ದಳು. "ನಿನಗ ಪೂರಾ ಹೊಗಿ ಹಾಕಲಿಲ್ಲ. ಬೆನ್ನಾಗ ಸೀತ ಕುಂತೈತಿ. ಓಣಿಗೆ ಹಾಕಿದೆ, ಮಗಳಿಗೆ ಹಾಕಲಿಲ್ಲ" ಎನ್ನುತ್ತಿದ್ದಳು. ಮತ್ತೆ ಹೊಗೆ ಹಾಕಿದ್ದರೆ ನಾನು ಸಾಯುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಹಾಕದೆ ಇದ್ದುದಕ್ಕೆ ನನ್ನ ಮೈ ಕೆಟ್ಟಿತೆಂದೂ ಗೊತ್ತಿತ್ತು. ಎರಡನ್ನೂ ಹೊತ್ತುಕೊಂಡು ಓಡಾಡುತ್ತಿದ್ದಳು. ನಾನು ಏನು ಹೇಳಿದರೂ ಅದು ಇಳಿಯಲಿಲ್ಲ.

ನಿಮ್ಮ ಅವ್ವ ಸಾಲೆಗೆ ಹೋಗುತ್ತಿದ್ದ ಕಾಲಕ್ಕೆ, ಒಂದು ಚಳಿಗಾಲದಲ್ಲಿ ನನ್ನ ಅವ್ವ ಹಾಸಿಗೆ ಹಿಡಿದಳು. ಮೈಯಲ್ಲಿ ಬಿಸಿಯೇ ಇರುತ್ತಿರಲಿಲ್ಲ. ಹೊರಸಿನ ಕೆಳಗೆ ಕೆಂಡ ಇಡುತ್ತಿದ್ದರು. ನನ್ನ ಬಾಣಂತನದ ಅದೇ ಕೋಣೆ. ನಾನು ಇಳಕಲ್ಲಿನಿಂದ ಹೋಗಿ ಹೊಸ್ತಿಲಾಚೆ ಕುಳಿತೆ. ಹೆತ್ತ ತಾಯಿಯ ಸೇವೆ ಮಾಡಲು ಬಂದವಳು ಕೆಂಡದ ಹೊಗೆಗೆ ಒಳಗೆ ಹೋಗಲಾರದೆ ಬಾಗಿಲ ಸಂದಿಯಿಂದ ನೋಡುತ್ತ ಕುಳಿತೆ. ನಿಮ್ಮ ಮುತ್ಯಾ ಅಂದು ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟಿದ್ದು, ಬಿಟ್ಟದ್ದು ನೆನಪಾಯಿತು.

"ಯಾರ ಅಲ್ಲಿ? ನನ್ನ ಮಗಳೇನು?" ಎಂದಳು ಒಳಗಿನಿಂದ.

"ಹೂಂ ಯವ್ವಾ."

"ಅಗ್ಗಿ ಹೊರಗ ಒಯ್ರಿ. ನನ್ನ ಮಗಳು ಒಳಗ ಬರಬೇಕು."

ಬೇಡ, ನಿನಗೆ ಚಳಿಯಾಗುತ್ತದೆ ಎಂದೆ. ಕೇಳಲಿಲ್ಲ. ಕೆಂಡವನ್ನು ತೆಗೆಸಿದಳು. ಕಿಟಕಿಯನ್ನೂ ತೆರೆಸಿದಳು. ಹೊಗೆ ಹೋಗುವಷ್ಟು ಹೊತ್ತು ಬಿಟ್ಟು ನಾನು ಒಳಗೆ ಹೋದೆ. ಅವಳ ಕೈಗಳು ನೀರಿನಲ್ಲಿ ಬಿಟ್ಟ ಕಲ್ಲಿನಂತೆ ತಣ್ಣಗಿದ್ದವು. ತಿಕ್ಕಿದೆ, ಬಾಯಿಂದ ಊದಿದೆ. ನನ್ನ ಉಸಿರು ಎಷ್ಟಿದ್ದೀತು, ಬಿಸಿಯಾಗಲಿಲ್ಲ.

"ಬೆನ್ನ ಹೆಂಗೈತಿ?" ಎಂದಳು.

"ಏನೂ ಆಗಿಲ್ಲ ಯವ್ವಾ. ಚಲೋ ಐತಿ."

ಅವಳು ನಂಬಲಿಲ್ಲ. ಆ ತಣ್ಣನೆಯ ಕೈಯನ್ನೇ ಎತ್ತಿ ನನ್ನ ಬೆನ್ನಿಗೆ ಇಡಬೇಕೆಂದು ನೋಡಿದಳು. ಅಷ್ಟು ಎತ್ತರಕ್ಕೆ ಕೈ ಬರಲಿಲ್ಲ. ನಾನು ಬಗ್ಗಿದೆ.